ನೆರೆ ಬಂದಾಗ ದೇವರ ಮನೆಯ ಬಾಗಿಲು

ನಮ್ಮ ಕಡೆ ನೆರೆ ಬಂದಾಗ ಮೊದಲು ತೆರೆಯುವುದು ಸರ್ಕಾರಿ ಶಾಲೆಯ ಬಾಗಿಲು. ಬೆಂಚುಗಳನ್ನು ಗೋಡೆಗೆ ಸರಿಸಿ, ಬಿಸಿಯೂಟದ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟರೆ ಅದೇ ಗಂಜಿ ಕೇಂದ್ರ. ಒಂದು ವಾರ, ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಅಷ್ಟು ದಿನ ಮಕ್ಕಳ ಪಾಠ ನಿಂತಿರುತ್ತದೆ. ಅದೇ ಊರಿನಲ್ಲಿ ಶಾಲೆಗಿಂತ ಗಟ್ಟಿಯಾದ, ದೊಡ್ಡದಾದ ಕಟ್ಟಡ ಇನ್ನೊಂದು ಇರುತ್ತದೆ. ಅದು ಮಠವಿರಬಹುದು, ಗುಡಿಯಿರಬಹುದು, ಮಸೀದಿ ಅಥವಾ ಚರ್ಚ್ ಇರಬಹುದು. ದೇವರ ಹೆಸರಿನಲ್ಲಿ ಊರವರ ದುಡ್ಡಿನಿಂದ ಎದ್ದದ್ದು. ಆ ಬಾಗಿಲು ಯಾಕೆ ಎರಡನೆಯದಾಗುತ್ತದೆ ಎಂದು ನಾವು ಸಾಮಾನ್ಯವಾಗಿ ಕೇಳುವುದಿಲ್ಲ.

ಧಾರವಾಡ ಜಿಲ್ಲೆಯಲ್ಲಿ ನೆರೆ ಎಂದರೆ ಹೆಚ್ಚಾಗಿ ಹಳ್ಳದ ಮಾತು. ಶಿಗ್ಗಾವಿ ಕಡೆ ಹುಟ್ಟುವ ಬೆಣ್ಣಿಹಳ್ಳ ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರೆ ಭೂಮಿಯಲ್ಲಿ ಹರಿದು ಮಲಪ್ರಭೆ ಸೇರುತ್ತದೆ. ನೆಲ ಚಪ್ಪಟೆ, ದಂಡೆ ತಗ್ಗು, ಪಾತ್ರದಲ್ಲಿ ಹೂಳು. ಮೇಲೆ ಮಳೆ ಜೋರಾದರೆ ನೀರು ದಂಡೆ ಬಿಟ್ಟು ಹೊಲಕ್ಕೆ, ಊರಿಗೆ ಹರಡುತ್ತದೆ. ನಾನಿರುವ ಬಮ್ಮಿಗಟ್ಟಿ ಕಲಘಟಗಿ ತಾಲೂಕಿನದು. ಈ ಅರೆಮಲೆನಾಡಿನಲ್ಲಿ ಜಡಿಮಳೆ ಹಿಡಿದರೆ ಮಣ್ಣಿನ ಗೋಡೆಗಳು ನೆನೆದು ಕುಸಿಯುತ್ತವೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟ್‌ನಲ್ಲಿ ಮತ್ತೆ ಅದೇ ಪಾಡು. ಪಟ್ಟದಕಲ್ಲಿನ ದೇವಾಲಯಗಳ ಸುತ್ತಲೂ ಮಲಪ್ರಭೆಯ ನೀರು ನಿಂತಿತ್ತು. ಆದ್ದರಿಂದ ನೆರೆ ಸಂತ್ರಸ್ತರಿಗೆ ಧಾರ್ಮಿಕ ಸ್ಥಳಗಳು, ಅದರಲ್ಲೂ ಚರ್ಚುಗಳು, ಆಸರೆ ಕೊಡಬೇಕೆ ಎಂಬುದು ನಮಗೆ ದೂರದ ಪ್ರಶ್ನೆಯಲ್ಲ.

ಈ ಪ್ರಶ್ನೆ ಜಗತ್ತಿನ ಕಿವಿಗೆ ಬಿದ್ದದ್ದು ಅಮೆರಿಕದಿಂದ. 2017ರ ಆಗಸ್ಟ್ ಕೊನೆಯಲ್ಲಿ ಹಾರ್ವಿ ಚಂಡಮಾರುತದ ಮಳೆಗೆ ಹ್ಯೂಸ್ಟನ್ ನಗರ ಮುಳುಗಿತು. ಅಲ್ಲಿನ ಲೇಕ್‌ವುಡ್ ಚರ್ಚ್ ಮೊದಲು ಬಾಸ್ಕೆಟ್‌ಬಾಲ್ ಕ್ರೀಡಾಂಗಣವಾಗಿದ್ದ ಕಟ್ಟಡ. ಒಳಗೆ ಸುಮಾರು 16 ಸಾವಿರ ಜನ ಕೂರಬಹುದು. ಜನ ರಸ್ತೆಯ ಮೇಲಿದ್ದಾಗ ಅದರ ಬಾಗಿಲು ತೆರೆಯಲಿಲ್ಲ. ಸುತ್ತ ನೀರಿದೆ ಎಂದು ಒಮ್ಮೆ, ನಗರಾಡಳಿತ ನಮ್ಮನ್ನು ಕೇಳಿರಲಿಲ್ಲ ಎಂದು ಇನ್ನೊಮ್ಮೆ ಸಮಜಾಯಿಷಿ ಬಂತು. ಟೀಕೆ ಜೋರಾದ ಮೇಲೆ ಆಗಸ್ಟ್ 29ರಂದು ಬಾಗಿಲು ತೆರೆಯಿತು. ಅಷ್ಟರಲ್ಲಿ ಅದೇ ನಗರದ ಪೀಠೋಪಕರಣದ ವ್ಯಾಪಾರಿಯೊಬ್ಬರು ತಮ್ಮ ಮಳಿಗೆಗಳನ್ನು ತೆರೆದು, ಮಾರಾಟಕ್ಕಿಟ್ಟ ಹಾಸಿಗೆಗಳ ಮೇಲೆ ಜನರನ್ನು ಮಲಗಿಸಿದ್ದರು. ಹಲವು ಮಸೀದಿಗಳೂ, ಸಣ್ಣ ಚರ್ಚುಗಳೂ ತೆರೆದಿದ್ದವು. ಹ್ಯೂಸ್ಟನ್‌ನ ಜನ ಕೇಳಿದ್ದು ಸರಳ ಪ್ರಶ್ನೆ: ಅಂಗಡಿಗೆ ಹೊಳೆದದ್ದು ದೇವರ ಮನೆಗೆ ಯಾಕೆ ಹೊಳೆಯಲಿಲ್ಲ? 'ಯಾರೂ ಕೇಳಲಿಲ್ಲ' ಎನ್ನುವುದು ಕಚೇರಿಗೆ ಒಪ್ಪುವ ಉತ್ತರ. ನೀರಿನಲ್ಲಿ ನಿಂತವನು ಅರ್ಜಿ ಬರೆದು ತರುವುದಿಲ್ಲ.

ನಮ್ಮ ನೆಲದ ಚರ್ಚಿನ ಸ್ಥಿತಿ ಹ್ಯೂಸ್ಟನ್‌ನ ಆ ಶ್ರೀಮಂತ ಚರ್ಚಿನದಲ್ಲ ಎಂಬುದನ್ನೂ ಹೇಳಬೇಕು. ಇಲ್ಲಿ ಚರ್ಚ್ ಬಾಗಿಲು ತೆರೆಯದಿದ್ದರೆ ನಿರ್ದಯ ಎನ್ನಿಸಿಕೊಳ್ಳುತ್ತದೆ, ತೆರೆದರೆ ಮತಾಂತರದ ಆಪಾದನೆ ಹೊರಬೇಕಾಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಇದೇ ಆಪಾದನೆ ಹೊರಿಸಿ ಗುಂಪೊಂದು ಪ್ರಾರ್ಥನಾ ಸ್ಥಳದೊಳಗೆ ಹೋಗಿ ಭಜನೆಗೆ ಕುಳಿತಿತ್ತು. 2022ರಲ್ಲಿ ಬಂದ ಮತಾಂತರ ನಿಷೇಧದ ಕಾಯ್ದೆ 'ಆಮಿಷ' ಎಂಬ ಮಾತಿನೊಳಗೆ ಉಡುಗೊರೆ, ಹಣ, ಉದ್ಯೋಗ, ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ ಎಲ್ಲವನ್ನೂ ಸೇರಿಸಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಆದರೆ ಕಾಯ್ದೆ ಹುಟ್ಟಿಸಿದ ಅಂಜಿಕೆ ಸಂಪುಟದ ತೀರ್ಮಾನದಿಂದ ಹೋಗುವಂಥದ್ದಲ್ಲ. ಒದ್ದೆ ಬಟ್ಟೆಯ ಮಗುವಿಗೆ ಕಂಬಳಿ ಹೊದಿಸುವಾಗಲೂ ಪಾದ್ರಿಯೊಬ್ಬರು ಸುತ್ತ ನೋಡಬೇಕಾದ ಕಾಲ ಬಂದರೆ, ಆ ನಾಚಿಕೆ ಪಾದ್ರಿಯದಲ್ಲ, ಊರಿನದು.

ಆದರೂ ಈ ಅನುಮಾನ ಪೂರಾ ಗಾಳಿಯಲ್ಲಿ ಹುಟ್ಟಿದ್ದು ಎನ್ನಲು ಬರುವುದಿಲ್ಲ. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಶಾಲೆ, ಅಚ್ಚುಕೂಟ, ಕಿಟೆಲರ ನಿಘಂಟು ಎಂದು ಕನ್ನಡ ಆ ಮಿಶನ್ನಿಗೆ ಋಣಿಯಾಗಿದೆ. 1876-78ರ ಭೀಕರ ಬರದಲ್ಲಿ ಈ ಸೀಮೆಯ ತಬ್ಬಲಿ ಮಕ್ಕಳನ್ನು ಮಿಶನ್ನಿನವರು ಎತ್ತಿಕೊಂಡರು. ಆ ಮಕ್ಕಳು ಬದುಕಿದರು. ಅವರಲ್ಲಿ ಅನೇಕರು ಕ್ರೈಸ್ತರಾಗಿ ಬೆಳೆದರು. ಈ ಎರಡು ಮಾತುಗಳಲ್ಲಿ ಒಂದನ್ನೇ ಹೇಳುವವರು ಬಹಳ ಜನ. ಮಕ್ಕಳು ಬದುಕಿದ್ದನ್ನಷ್ಟೇ ಹೇಳುವವರು ಅನ್ನಕ್ಕೆ ಅಂಟಿದ್ದ ಷರತ್ತನ್ನು ಮರೆಯುತ್ತಾರೆ. ಧರ್ಮ ಬದಲಾದದ್ದನ್ನಷ್ಟೇ ಹೇಳುವವರು ಆ ಮಕ್ಕಳನ್ನು ತಮ್ಮವರು ಯಾರೂ ಎತ್ತಿಕೊಂಡಿರಲಿಲ್ಲ ಎಂಬುದನ್ನು ಮರೆಯುತ್ತಾರೆ. ನಾವು ಈ ಚರಿತ್ರೆಯಿಂದ ಕಲಿಯಬೇಕಾದದ್ದು ಬಾಗಿಲು ಮುಚ್ಚುವುದನ್ನಲ್ಲ. ಒಳಗೆ ಬಂದವರ ಮೇಲೆ ಯಾವ ಋಣವನ್ನೂ ಹೊರಿಸದೆ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು.

ಹಾಗೆ ಇಟ್ಟುಕೊಂಡ ಉದಾಹರಣೆ ಮುಸ್ಲಿಮರಿಗೆ ಹೊಸದಲ್ಲ. ಮಕ್ಕಾದ ಹಿಂಸೆ ತಾಳಲಾರದೆ ಪ್ರವಾದಿಯವರ ಅನುಯಾಯಿಗಳ ಒಂದು ಗುಂಪು ಕ್ರಿ.ಶ. 615ರ ಸುಮಾರಿಗೆ ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋಯಿತು. ಅಲ್ಲಿನ ದೊರೆ ನಜಾಶಿ ಕ್ರೈಸ್ತ. ಕುರೈಶರ ದೂತರು ಕಾಣಿಕೆ ಹೊತ್ತು ಬಂದು ಇವರನ್ನು ಒಪ್ಪಿಸಿ ಎಂದಾಗ ಆತ ವಲಸೆ ಬಂದವರ ಮಾತನ್ನೂ ಕೇಳಿದ, ಕಾಣಿಕೆ ಹಿಂದಿರುಗಿಸಿದ, ಜನರನ್ನು ಉಳಿಸಿಕೊಂಡ. ಪ್ರತಿಯಾಗಿ ನಿಮ್ಮ ನಂಬಿಕೆ ಬಿಡಿ ಎನ್ನಲಿಲ್ಲ. ಮುಂದೆ ನಜ್ರಾನಿನ ಕ್ರೈಸ್ತರು ಮದೀನಾಕ್ಕೆ ಬಂದಾಗ ಪ್ರವಾದಿಯವರು ತಮ್ಮ ಮಸೀದಿಯಲ್ಲೇ ಅವರ ಪ್ರಾರ್ಥನೆಗೆ ಅವಕಾಶ ಕೊಟ್ಟರೆಂದು ಸೀರಾ ಗ್ರಂಥಗಳು ಹೇಳುತ್ತವೆ. ಅದೇ ಮಸೀದಿಯ ನೆರಳಿನ ಜಗಲಿಯಲ್ಲಿ ಮನೆಮಠವಿಲ್ಲದ ಬಡವರು ವಾಸವಾಗಿದ್ದರು. ಅಸ್‌ಹಾಬೆ ಸುಫ್ಫಾ ಎಂದು ಅವರಿಗೆ ಹೆಸರು. ಪನಾಹ್ ಎಂಬ ಉರ್ದು ಶಬ್ದ ನಮ್ಮ ದುಆಗಳಲ್ಲಿ ದಿನವೂ ಬರುತ್ತದೆ. ದೇವರಲ್ಲಿ ಪನಾಹ್ ಬೇಡುವವರು ದೇವರ ಮನೆಯಲ್ಲಿ ಮನುಷ್ಯನಿಗೆ ಪನಾಹ್ ಕೊಡುವುದು ತೀರಾ ಸಹಜವಾಗಬೇಕಿತ್ತು.

ಈ ಪ್ರಸಂಗಗಳನ್ನು ಜಲ್ಸಾಗಳಲ್ಲಿ ಕೇಳಿ ನಾವು ತಲೆದೂಗುತ್ತೇವೆ. ಹಾಗಾಗಿ ಚರ್ಚಿಗೆ ಕೇಳುವ ಪ್ರಶ್ನೆಯನ್ನು ನಮ್ಮ ಜಮಾಅತ್ ಕಮಿಟಿಗಳಿಗೂ ಕೇಳಬೇಕಾಗುತ್ತದೆ. ರಾತ್ರಿ ಎರಡು ಗಂಟೆಗೆ ಹಳ್ಳ ಏರಿದರೆ, ಎಳೆಗೂಸು ಎತ್ತಿಕೊಂಡ ಹೆಂಗಸೊಬ್ಬಳು ಮಸೀದಿಯ ಮೆಟ್ಟಿಲು ಹತ್ತಬಹುದೆ? ನಮ್ಮ ಸೀಮೆಯ ಬಹಳಷ್ಟು ಮಸೀದಿಗಳಲ್ಲಿ ಹೆಂಗಸರಿಗೆ ಜಾಗವೇ ಇಲ್ಲ. ಇದ್ದ ಶೌಚಾಲಯ ಗಂಡಸರದು. ಆಕೆ ಮುಸ್ಲಿಮಳೇ ಆಗಿದ್ದರೂ ಹೊರಗೆ ನಿಲ್ಲುತ್ತಾಳೆ, ಹಿಂದೂ ಹೆಣ್ಣುಮಗಳ ಮಾತು ಆಮೇಲಿನದು. ಟೈಲ್ಸ್‌ಗೆ, ಮಿನಾರಿಗೆ ಚಂದಾ ಎತ್ತುವ ನಾವು ಒಂದು ಕೋಣೆ, ಎರಡು ಬಚ್ಚಲು ಹೆಚ್ಚಿಗೆ ಕಟ್ಟಿದ್ದರೆ ನೆರೆಯ ದಿನ ಅಷ್ಟೇ ಸಾಕಾಗುತ್ತಿತ್ತು. ಗುಡಿ ಮಠಗಳಿಗೂ ಇದೇ ಮಾತು ಬೇರೆ ರೂಪದಲ್ಲಿ ಅನ್ವಯಿಸುತ್ತದೆ. ದಾಸೋಹದ ದೊಡ್ಡ ಪಾತ್ರೆಗಳಿರುವ ಮಠಗಳು ನೆರೆಯಲ್ಲಿ ಸಾವಿರಾರು ಜನರ ಹೊಟ್ಟೆ ತುಂಬಿಸಿವೆ, ಅದು ದೊಡ್ಡ ಕೆಲಸ. ಆದರೆ ಕೇರಿಯ ಜನ ಎಲ್ಲಿ ಕೂತು ಉಂಡರು, ಎಲ್ಲಿ ಮಲಗಿದರು ಎಂದೂ ನೋಡಬೇಕು. 2004ರ ಸುನಾಮಿಯ ನಂತರ ತಮಿಳುನಾಡಿನ ನಾಗಪಟ್ಟಣದ ಕಡೆ ದಲಿತರನ್ನು ಪರಿಹಾರ ಶಿಬಿರಗಳಲ್ಲಿ ದೂರವಿಟ್ಟ ಸಂಗತಿ ವರದಿಗಳಲ್ಲಿ ದಾಖಲಾಗಿದೆ. ಸಮುದ್ರ ಎಲ್ಲರ ಮನೆ ಕೊಚ್ಚಿಕೊಂಡು ಹೋಯಿತು, ಜಾತಿಯನ್ನು ಮಾತ್ರ ಬಿಟ್ಟುಹೋಯಿತು.

ಇಲ್ಲಿ ನಮ್ಮ ಕತೆಗಳ ಬಗ್ಗೆಯೂ ಒಂದು ಮಾತು ಹೇಳಬೇಕೆನಿಸುತ್ತದೆ. ನೆರೆ ಎಂಬ ಕನ್ನಡ ಶಬ್ದಕ್ಕೆ ಪ್ರವಾಹ ಎಂದೂ ಅರ್ಥ, ಪಕ್ಕದವರು ಎಂದೂ ಅರ್ಥ. ಈ ಶ್ಲೇಷೆ ಕತೆಗಾರರಿಗೆ ಬಹಳ ಪ್ರಿಯ. ನೀರು ಏರುತ್ತದೆ, ಪೂಜಾರಿಯ ಮನೆಮಂದಿ ಮಸೀದಿಗೆ ಬರುತ್ತಾರೆ ಅಥವಾ ಮುಲ್ಲಾಸಾಬರ ಕುಟುಂಬ ಗುಡಿಯ ಪಡಸಾಲೆಗೆ ಹೋಗುತ್ತದೆ, ಎಲ್ಲರೂ ಒಂದೇ ಪಾತ್ರೆಯ ಗಂಜಿ ಉಣ್ಣುತ್ತಾರೆ, ಕತೆ ಮುಗಿಯುತ್ತದೆ. ಪತ್ರಿಕೆಗಳ ಸೌಹಾರ್ದದ ಫೋಟೋಗಳೂ ಇದೇ ಕತೆಯನ್ನು ಹೇಳುತ್ತವೆ. ಇವುಗಳಲ್ಲಿ ಸುಳ್ಳಿಲ್ಲ, ಆದರೆ ಇವು ಮೊದಲ ರಾತ್ರಿಗೇ ನಿಂತುಬಿಡುತ್ತವೆ. ಕಷ್ಟ ಶುರುವಾಗುವುದು ಮೂರನೆಯ ದಿನ. ಶೌಚಾಲಯ ತುಂಬುತ್ತದೆ. ಮುಟ್ಟಾದ ಹುಡುಗಿ ಮೂಲೆ ಹುಡುಕುತ್ತಾಳೆ. ಮೊಟ್ಟೆ ಬೇಯಿಸಬಹುದೆ ಎಂಬ ಮಾತು ಎದ್ದು ಕಮಿಟಿಯವರ ಮುಖ ಬಿಗಿಯುತ್ತದೆ. ಶುಕ್ರವಾರದ ನಮಾಜಿಗೋ ಭಾನುವಾರದ ಪ್ರಾರ್ಥನೆಗೋ ಜಾಗ ಖಾಲಿ ಮಾಡಿಸುವುದು ಹೇಗೆ ಎಂದು ಗುಸುಗುಸು ನಡೆಯುತ್ತದೆ. ಆಗಲೂ ಬಾಗಿಲು ತೆರೆದಿಟ್ಟವರ ಕತೆಯನ್ನು ನಾವು ಇನ್ನೂ ಸರಿಯಾಗಿ ಬರೆದಿಲ್ಲ.

ಕೇರಳದ ಎರಡು ಘಟನೆಗಳನ್ನು ಈ ದೃಷ್ಟಿಯಿಂದ ನೋಡಬಹುದು. 2018ರ ಆಗಸ್ಟ್ 22ರಂದು ಬಕ್ರೀದ್. ತ್ರಿಶೂರು ಜಿಲ್ಲೆಯ ಮಾಳದ ಹತ್ತಿರ ಮಸೀದಿ ನೀರಿನಲ್ಲಿತ್ತು. ಪಕ್ಕದ ದೇವಸ್ಥಾನದವರು ತಮ್ಮ ಸಭಾಂಗಣವನ್ನು ನಮಾಜಿಗೆ ಬಿಟ್ಟುಕೊಟ್ಟರು. 2019ರ ಆಗಸ್ಟ್ 8ರಂದು ಮಲಪ್ಪುರಂ ಜಿಲ್ಲೆಯ ಕವಳಪ್ಪಾರದಲ್ಲಿ ಗುಡ್ಡ ಕುಸಿದು 59 ಜನ ಸತ್ತರು. ಆಸ್ಪತ್ರೆ ದೂರ, ಹೆಣಗಳು ಕೆಡುತ್ತಿವೆ. ಪೋತುಕಲ್ಲಿನ ಮಸೀದಿಯವರು ನಮಾಜಿನ ಜಾಗವನ್ನೇ ಮರಣೋತ್ತರ ಪರೀಕ್ಷೆಗೆ ಕೊಟ್ಟರು. ಯಾವ ಧರ್ಮದ ಹೆಣ ಎಂದು ಕೇಳಲಿಲ್ಲ. ಮೊದಲನೆಯದು ಮನಸ್ಸಿಗೆ ಹಿತ ಕೊಡುವಂಥದ್ದು. ಎರಡನೆಯದು ಅದಕ್ಕಿಂತ ಕಠಿಣವಾದದ್ದು. ಪವಿತ್ರ ಎಂದು ದಿನವೂ ತೊಳೆದಿಟ್ಟ ನೆಲದ ಮೇಲೆ ರಕ್ತ, ಕೆಸರು, ವಾಸನೆ ಬರಲು ಬಿಟ್ಟದ್ದು. ಡಾಕ್ಟರುಗಳಿಗೆ ಬೇಕಿದ್ದದ್ದು ನೀರು, ಬೆಳಕು, ಒಂದು ಚಾವಣಿ. ಮಸೀದಿಯಲ್ಲಿ ಅವು ಇದ್ದವು, ಕೊಟ್ಟರು. ಸೌಹಾರ್ದದ ಭಾಷಣ ಮಾಡಲು ಅಲ್ಲಿ ಯಾರಿಗೂ ಹೊತ್ತಿರಲಿಲ್ಲ.

ಇಷ್ಟಾದ ಮೇಲೂ ಒಂದು ಅಪಾಯ ಉಳಿಯುತ್ತದೆ. ದೇವರ ಮನೆಗಳು ಚೆನ್ನಾಗಿ ಕೆಲಸ ಮಾಡಿದಷ್ಟೂ ಸರ್ಕಾರಕ್ಕೆ ಹಗುರವಾಗುತ್ತದೆ. 2009ರ ನೆರೆಯ ನಂತರ 'ಆಸರೆ' ಎಂಬ ಹೆಸರಿನಲ್ಲೇ ಮನೆ ಕಟ್ಟುವ ಯೋಜನೆ ಬಂತು. ಮಠಗಳು, ಕಂಪನಿಗಳು ಕೈಜೋಡಿಸಿದವು. ಆದರೆ ಹೊಲದಿಂದ ದೂರ, ನೀರಿಲ್ಲದೆ, ದನ ಕಟ್ಟಲು ಜಾಗವಿಲ್ಲದೆ ಕಟ್ಟಿದ ಎಷ್ಟೋ ಮನೆಗಳು ವರ್ಷಗಟ್ಟಲೆ ಖಾಲಿ ಉಳಿದವು. 2019ರಲ್ಲಿ ತಕ್ಷಣದ ಪರಿಹಾರವೆಂದು 10 ಸಾವಿರ ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದಾಯಿತು. ಆಗ ಬಿದ್ದ ಮನೆ 'ಎ' ವರ್ಗವೋ 'ಬಿ' ವರ್ಗವೋ 'ಸಿ' ವರ್ಗವೋ ಎಂಬುದೇ ಬದುಕಿನ ಪ್ರಶ್ನೆಯಾಯಿತು. ಉತಾರ ಹೆಸರಿನಲ್ಲಿಲ್ಲದವರು, ಬಾಡಿಗೆಯವರು, ಅಣ್ಣತಮ್ಮಂದಿರ ಪಾಲು ಆಗದ ಮನೆಯವರು ಕಚೇರಿಯಿಂದ ಕಚೇರಿಗೆ ಅಲೆದರು. ಗಂಜಿ ಕೊಟ್ಟ ಚರ್ಚ್ ಆಗಲಿ ಮಸೀದಿಯಾಗಲಿ ಈ ಅಲೆದಾಟದಲ್ಲೂ ಜೊತೆಗಿದ್ದರೆ, ಓದು ಬರಹ ಬಲ್ಲ ನಾಲ್ಕು ಹುಡುಗರನ್ನು ಅರ್ಜಿ ಬರೆಯಲು ಕೂರಿಸಿದ್ದರೆ, ಅದು ಕಂಬಳಿಗಿಂತ ಹೆಚ್ಚು ಬಾಳಿಕೆ ಬರುವ ಆಸರೆ.

ಹಾಗಾದರೆ ಚರ್ಚುಗಳು ಆಸರೆ ಕೊಡಬೇಕೆ? ಕೊಡಬೇಕು; ಚರ್ಚಿನ ಜೊತೆ ಮಸೀದಿ, ಮಠ, ಗುಡಿ, ಶಾದಿ ಮಹಲ್ ಎಲ್ಲವೂ. ಆದರೆ ಒಬ್ಬೊಬ್ಬರ ದಯೆಗೆ ಬಿಟ್ಟ ಬಾಗಿಲಾಗಿ ಅಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಅಗತ್ಯ ಬಿದ್ದರೆ ಕಟ್ಟಡಗಳನ್ನು ಪಡೆದುಕೊಳ್ಳುವ ಅಧಿಕಾರವನ್ನು ಜಿಲ್ಲಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಅದೇ ಕಾಯ್ದೆಯ 61ನೇ ಕಲಂ ಪರಿಹಾರ ಕೊಡುವಾಗ ಲಿಂಗ, ಜಾತಿ, ಸಮುದಾಯ, ಧರ್ಮಗಳ ಭೇದ ಮಾಡಕೂಡದು ಎನ್ನುತ್ತದೆ. ಮಳೆಗಾಲಕ್ಕೆ ಮೊದಲೇ ತಹಶೀಲ್ದಾರರು, ಪಂಚಾಯತಿಯವರು, ಎಲ್ಲ ಕಮಿಟಿಗಳವರು ಕೂತು ಯಾವ ಕಟ್ಟಡದಲ್ಲಿ ಎಷ್ಟು ಜನ, ಹೆಂಗಸರಿಗೆ ಯಾವ ಕೋಣೆ, ಬೀಗದ ಕೈ ಯಾರ ಹತ್ತಿರ ಎಂದು ಬರೆದಿಡಬಹುದು. ಪಟ್ಟಿಯಲ್ಲಿ ಎಲ್ಲರೂ ಇದ್ದಾಗ ಚರ್ಚಿನ ಮೇಲೊಂದೇ ಅನುಮಾನದ ಬೆರಳು ಏಳುವುದಿಲ್ಲ. ಆಸರೆಯಲ್ಲಿದ್ದಷ್ಟು ದಿನ ಉಪದೇಶ ಬೇಡ, ಗಂಜಿ ತಟ್ಟೆ ಹಿಡಿದವರ ಫೋಟೋ ಬೇಡ, ಹೋಗುವಾಗ ಕೃತಜ್ಞತೆಯ ಮಾತನ್ನೂ ನಿರೀಕ್ಷಿಸುವುದು ಬೇಡ.

ಈ ಪಟ್ಟಿ ಮಾಡಲು ಕಾನೂನು ಹೊಸದಾಗಿ ಬೇಕಿಲ್ಲ, ದುಡ್ಡೂ ಹೆಚ್ಚು ಬೇಕಿಲ್ಲ. ನಮ್ಮ ಊರಿನ ಎಲ್ಲ ಕಮಿಟಿಗಳವರು ಒಂದು ದಿನ ಒಂದು ಕಡೆ ಕೂರಬೇಕು. ಕೂರಲು ಜಾಗ ಯಾವುದು ಎಂಬ ಜಗಳ ಬಂದರೆ, ಸರ್ಕಾರಿ ಶಾಲೆಯಂತೂ ಇದ್ದೇ ಇದೆ.