ಬೆರಳಿಗೆ ಚಪ್ಪಾಳೆ, ತಿದಿಗೆ ಮರೆವು

ಅಕಾರ್ಡಿಯನ್ ನುಡಿಸುವವರನ್ನು ನಾವು ಮೆಚ್ಚುವುದು ಹೆಚ್ಚಾಗಿ ಬಲಗೈ ಬೆರಳುಗಳಿಗಾಗಿ. ಕೀಲಿಗಳ ಮೇಲೆ ಬೆರಳು ಎಷ್ಟು ಚುರುಕಾಗಿ ಓಡಿತು ಎಂಬುದೇ ನಮ್ಮ ಅಳತೆಗೋಲು. ಎಷ್ಟೋ ಕಡೆ ಕಲಿಕೆಯೂ ಹೀಗೆಯೇ: ಮೊದಲು ಸ್ವರ, ಆಮೇಲೆ ವೇಗ, ಕೊನೆಗೆ ತಿದಿ. ಈ ಕ್ರಮವೇ ತಲೆಕೆಳಗಾಗಿದೆ ಎಂಬುದು ನಮ್ಮ ವಾದ.

1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ 'ಅಕಾರ್ಡಿಯನ್' ಎಂಬ ಹೆಸರಿನ ವಾದ್ಯಕ್ಕೆ ಪೇಟೆಂಟ್ ಪಡೆದ. ನಮಗೆ ಹೆಚ್ಚು ಪರಿಚಿತವಾದ ಹಾರ್ಮೋನಿಯಂನಲ್ಲೂ ಗಾಳಿಯೇ ರೀಡುಗಳನ್ನು ಮಿಡಿಸುತ್ತದೆ. ಆದರೆ ಹಾರ್ಮೋನಿಯಂನ ಒಳಗೆ ಸ್ಪ್ರಿಂಗ್ ಒತ್ತಡದ ಇನ್ನೊಂದು ತಿದಿ ಗಾಳಿಯನ್ನು ಕೂಡಿಟ್ಟುಕೊಂಡು ಸಮನಾಗಿ ಬಿಡುತ್ತದೆ. ಕೈಯ ಸಣ್ಣ ತಪ್ಪುಗಳನ್ನು ಮುಚ್ಚುತ್ತದೆ. ಅಕಾರ್ಡಿಯನ್‌ಗೆ ಅಂಥ ಉಳಿತಾಯವಿಲ್ಲ. ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದರೂ ನಾದ ಹೆಚ್ಚುವುದಿಲ್ಲ. ಏರು, ಇಳಿತ, ಮೆಲುದನಿ ಎಲ್ಲವೂ ಎಡತೋಳಿನ ಕೆಲಸ.

ಎಡಗೈ ಪಟ್ಟಿ ಸಡಿಲವಾಗಿದ್ದರೆ ತಿದಿ ತಡವಾಗಿ ಮಾತು ಕೇಳುತ್ತದೆ. ಬಲಭಾಗ ಅಲುಗದಂತಿರಬೇಕು, ತಿದಿ ಬೀಸಣಿಗೆಯಂತೆ ಮೇಲೆ ಅಗಲವಾಗಿ ಬಿಚ್ಚಿಕೊಳ್ಳಬೇಕು. ಕೊನೆಯ ಮಡಿಕೆಯವರೆಗೆ ಎಳೆದವನಿಗೆ ತಿರುಗುವ ಜಾಗವನ್ನು ಆರಿಸುವ ಸ್ವಾತಂತ್ರ್ಯ ಉಳಿಯುವುದಿಲ್ಲ. ಅಭ್ಯಾಸಕ್ಕೆ ಒಂದೇ ಸ್ವರ ಸಾಕು: ಮೆಲ್ಲಗೆ ಹಿಡಿದು, ಏರಿಸಿ, ಇಳಿಸಿ, ಬಿಚ್ಚುವಾಗಲೂ ಮುಚ್ಚುವಾಗಲೂ ಒಂದೇ ತೂಕ ಬರುವವರೆಗೆ.

ಎನೋಕ್ ಡೇನಿಯಲ್ಸ್ ಅಂಥವರು ಅಕಾರ್ಡಿಯನ್‌ನಲ್ಲಿ ಹಿಂದಿ ಚಿತ್ರಗೀತೆಗಳನ್ನು ನುಡಿಸಿದಾಗ ಪದಗಳನ್ನು ತುಂಬಿಕೊಳ್ಳುವವರು ಕೇಳುಗರಾದ ನಾವೇ. ಆಗ ತಿದಿ ಎಲ್ಲಿ ತಿರುಗುತ್ತದೆ ಎಂಬುದು ಅರ್ಥದ ಪ್ರಶ್ನೆಯಾಗುತ್ತದೆ. ಮುಶಾಯಿರಾದಲ್ಲಿ 'ದರ್ದ್-ಎ-ದಿಲ್' ಎನ್ನುವಾಗ ನಡುವೆ ಉಸಿರೆಳೆದುಕೊಂಡ ಶಾಯರನಿಗೆ ಯಾರು 'ವಾಹ್' ಎಂದಾರು? ಸಾಲು ಮುಗಿಯುವ ಮೊದಲೇ ತಿದಿ ತಿರುಗಿಸುವವರೂ ಮಾಡುವುದು ಇದನ್ನೇ. ಕತೆ ಬರೆಯುವ ನಮಗೂ ಈ ಕಷ್ಟ ಗೊತ್ತು. ವಾಕ್ಯ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲಬೇಕು.

ಹಾಗೆಂದು ತಿದಿಯ ತಿರುವು ಯಾವಾಗಲೂ ಅಡಗಿರಬೇಕೆಂದಲ್ಲ. ಸೋಫಿಯಾ ಗುಬೈದುಲಿನಾ 1978ರಲ್ಲಿ ರಷ್ಯಾದ ಅಕಾರ್ಡಿಯನ್ ಆದ ಬಯಾನ್‌ಗೆಂದು ರಚಿಸಿದ 'ಡೆ ಪ್ರೊಫುಂಡಿಸ್'ನಲ್ಲಿ ಸ್ವರವೇ ಇಲ್ಲದ ಗಾಳಿಯ ಸದ್ದೂ ಸಂಗೀತವಾಗುತ್ತದೆ. ಅಲ್ಲಿ ಉಸಿರು ಬೇಕೆಂದೇ ಕೇಳಿಸುತ್ತದೆ. ಅರೆಕಲಿಕೆಯವನಲ್ಲಿ ಬೇಡದೆಯೂ ಕೇಳಿಸುತ್ತದೆ. ವಿಮರ್ಶೆ ಗುರುತಿಸಬೇಕಾದ್ದು ಈ ವ್ಯತ್ಯಾಸವನ್ನು.

ಇಂದು ನಮ್ಮ ಮದುವೆ ಮಂಟಪಗಳಲ್ಲಿ ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಅಕಾರ್ಡಿಯನ್ ದನಿ ಸಿದ್ಧ. ಅದನ್ನು ದೂರಬೇಕಿಲ್ಲ, ಬಡ ಕಲಾವಿದನಿಗೆ ಅದು ಅನ್ನ. ಆದರೆ ಆ ದನಿಗೆ ಉಸಿರು ತೀರುವ ಭಯವಿಲ್ಲ. ಆ ಭಯವಿಲ್ಲದ ನಾದವನ್ನೇ ಕೇಳುತ್ತಾ ಬೆಳೆದ ಕಿವಿ, ಹಾಡು ಎಲ್ಲಿ ಉಸಿರಾಡಬೇಕು ಎಂಬುದನ್ನೂ ಮರೆತೀತು. ಅಕಾರ್ಡಿಯನ್ ಕಲಿಸುವವರು ಮೊದಲ ತಿಂಗಳನ್ನು ಎಡತೋಳಿಗೆ ಕೊಡಲಿ. ಕೇಳುಗರಾದ ನಾವು, ಚಪ್ಪಾಳೆ ತಟ್ಟುವ ಮೊದಲು, ಆ ಕೈಯತ್ತ ಒಮ್ಮೆ ನೋಡೋಣ.