ಒಟ್ಟೊ ಬಾರ್ಬ್ಲಾನ್: ಕೀರ್ತಿ ಮತ್ತು ಕೃತಿ

ಸ್ವಿಟ್ಜರ್ಲೆಂಡಿನ ಆರ್ಗನ್ ವಾದಕನೂ ಸಂಗೀತ ರಚನಕಾರನೂ ಆಚಾರ್ಯನೂ ಆದ ಒಟ್ಟೊ ಬಾರ್ಬ್ಲಾನನಿಗೆ (1860–1943) ಸ್ವದೇಶದಲ್ಲಿ ಹೆಚ್ಚಿನ ಹೆಸರನ್ನು ತಂದುಕೊಟ್ಟುದು ಒಂದು ಉತ್ಸವನಾಟಕದ ಸಂಗೀತ. 1499ರ ಕಾಲ್ವೆನ್ ಕದನದ ನಾಲ್ಕನೆಯ ಶತಮಾನೋತ್ಸವಕ್ಕೆಂದು 1899ರಲ್ಲಿ ಕೂರ್ ಪಟ್ಟಣದಲ್ಲಿ ಆ ನಾಟಕವನ್ನು ಆಡಿದರು. ಅದರೊಳಗಿನ ದೇಶಭಕ್ತಿಗೀತೆ ಜನರ ಬಾಯಲ್ಲಿ ನಿಂತಿತು. ಈ ಕೀರ್ತಿ ಸುಳ್ಳಾದುದೆಂದು ನಾವು ಹೇಳುವುದಿಲ್ಲ. ಆತನ ನಿಜವಾದ ಸಾಧನೆಯನ್ನು ಅದು ಮರೆಮಾಡಿತೆಂಬುದಷ್ಟೇ ನಮ್ಮ ಆಕ್ಷೇಪ.

ಎಂಗಾಡಿನ್ ಕಣಿವೆಯ ರೋಮಾನ್ಶ್ ನುಡಿಯ ಹಳ್ಳಿಯೊಂದರಲ್ಲಿ ಹುಟ್ಟಿ, ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕಲಿತು, ಕೂರಿನಲ್ಲಿ ಸ್ವಲ್ಪಕಾಲ ಉಪಾಧ್ಯಾಯನಾಗಿದ್ದ ಆತನು 1887ರಲ್ಲಿ ಫ್ರೆಂಚ್ ಭಾಷೆಯ ಜಿನೀವಾಕ್ಕೆ ಬಂದು ಸೇಂಟ್ ಪಿಯೆರ್ ದೇವಾಲಯದ ಆರ್ಗನ್ ವಾದಕನಾದನು. ಆ ಪದವಿಯ ಅರ್ಥವನ್ನು ತಿಳಿಯಬೇಕಾದರೆ ಸ್ಥಳದ ಪೂರ್ವಚರಿತ್ರೆಯನ್ನು ನೆನೆಯಬೇಕು. ಅದು ಕ್ಯಾಲ್ವಿನ್ ಉಪದೇಶ ಮಾಡಿದ ದೇವಾಲಯ. ಪ್ರಾರ್ಥನೆಯಲ್ಲಿ ವಾದ್ಯವನ್ನು ಆ ಸುಧಾರಕನು ಒಪ್ಪಲಿಲ್ಲ. ಸಭೆಯೆಲ್ಲ ಒಂದೇ ಧಾಟಿಯಲ್ಲಿ ಹಾಡುವ ದಾವೀದನ ಕೀರ್ತನೆಗಳಷ್ಟೇ ಅವನಿಗೆ ಸಮ್ಮತ. ಅಲ್ಲಿಗೆ ಆರ್ಗನ್ನು ಮರಳಿದುದು 18ನೆಯ ಶತಮಾನದ ನಡುಭಾಗದಲ್ಲಿ. ಇಂಥ ಕಟ್ಟುನಿಟ್ಟಿನ ಮನೆಯಲ್ಲಿ ಬಾರ್ಬ್ಲಾನನು ಐವತ್ತೈದು ವರ್ಷ, 1942ರವರೆಗೆ, ವಾದ್ಯದ ಮುಂದೆ ಕುಳಿತನು. 1892ರಿಂದ 1938ರವರೆಗೆ ಅಲ್ಲಿನ ಪವಿತ್ರಗಾನ ಸಂಘದ ಮೇಳವನ್ನೂ ನಡೆಸಿದನು. ಒಂದು ನಗರದ ಕಿವಿಯನ್ನು ಇಷ್ಟು ದೀರ್ಘಕಾಲ ತಿದ್ದುವ ಭಾಗ್ಯ ಎಷ್ಟು ಮಂದಿಗೆ ದೊರೆತೀತು?

ರಚನೆಗಳಲ್ಲಿ ನಾವು ಎತ್ತಿ ಹೇಳುವುದು ಆರ್ಗನ್ನಿಗೆಂದೇ ಬರೆದ, 10ನೆಯ ಕೃತಿಸಂಖ್ಯೆಯ ಷಕೋನ್. ಜರ್ಮನರ ರೂಢಿಯಲ್ಲಿ ಬಿ, ಎ, ಸಿ, ಎಚ್ ಎಂಬ ನಾಲ್ಕು ಅಕ್ಷರಗಳೂ ಸ್ವರನಾಮಗಳಾದ್ದರಿಂದ ಬಾಖ್ ಎಂಬ ಹೆಸರೇ ಒಂದು ಸ್ವರಪಂಕ್ತಿಯಾಗುತ್ತದೆ. ಈ ನಾಲ್ಕೂ ಅರ್ಧಸ್ವರದ ಅಂತರದಲ್ಲಿ ಒಂದಕ್ಕೊಂದು ಒತ್ತಿಕೊಂಡಿರುವ ಸ್ವರಗಳು. ಹಾಡಿದರೆ ಇಂಪಿಗಿಂತ ಇರುಕೇ ಹೆಚ್ಚು. ಷೂಮನ್, ಲಿಸ್ಟ್, ರೇಗರ್ ಮೊದಲಾದವರು ಈ ಬೀಜವನ್ನು ಬಿತ್ತಿ ಬೆಳೆ ತೆಗೆದವರೇ. ರೇಗರನು ಸ್ವರದ ಮೇಲೆ ಸ್ವರವನ್ನು ಪೇರಿಸಿ ಬಿರುಗಾಳಿಯನ್ನೆಬ್ಬಿಸುತ್ತಾನೆ. ಬಾರ್ಬ್ಲಾನನು ಆಯ್ದುಕೊಂಡ ಷಕೋನ್ ಎಂಬ ಬಂಧವಾದರೋ ಆವರ್ತ ಆವರ್ತಕ್ಕೂ ತಳಹದಿಗೇ ಮರಳಿ ಬರಬೇಕಾದುದು, ಓಡಿಹೋಗಲು ಎಡೆಯಿಲ್ಲ. ಗುರುವಿನ ಹೆಸರನ್ನು ಇಂಥ ಬಂಧದಲ್ಲಿ ಜಪಿಸುವುದಕ್ಕೆ ವಿನಯವೂ ಬೇಕು, ಧೈರ್ಯವೂ ಬೇಕು.

ದೋಷವನ್ನೂ ಹೇಳಬೇಕು. 1918ರಲ್ಲಿ ಹತ್ತಿರದ ಲೋಸಾನಿನಲ್ಲೇ ಸ್ಟ್ರಾವಿನ್ಸ್ಕಿಯ 'ಸೈನಿಕನ ಕಥೆ' ರಂಗವೇರಿತು. ಆ ಗಾಳಿ ಬಾರ್ಬ್ಲಾನನಿಗೆ ತಟ್ಟಲಿಲ್ಲ. ಲೂಕನ ಸುವಾರ್ತೆಯನ್ನಾಧರಿಸಿದ ಅವನ ಯಾತನಾಗಾನವೂ ಯೌವನದಲ್ಲಿ ಕಲಿತ ನುಡಿಗಟ್ಟನ್ನು ಬಿಡುವುದಿಲ್ಲ. ಆದರೆ ಶಿಷ್ಯರನ್ನು ಆತನು ಅದಕ್ಕೇ ಕಟ್ಟಿಹಾಕಿದಂತೆ ಕಾಣದು. ಅವನಲ್ಲಿ ಆರ್ಗನ್ ಕಲಿತ ಆನ್ರಿ ಗಾನ್ಯೆಬಾನ್ ಪ್ಯಾರಿಸಿನ ವಿಯೆರ್ನನಲ್ಲಿಯೂ ಅಭ್ಯಾಸ ಮಾಡಿ, 1925ರಲ್ಲಿ ಜಿನೀವಾದ ಸಂಗೀತ ವಿದ್ಯಾಲಯದ ನಿರ್ದೇಶಕನಾದಾಗ, ವೃದ್ಧ ಗುರು ಇನ್ನೂ ಸೇಂಟ್ ಪಿಯೆರಿನಲ್ಲಿ ನುಡಿಸುತ್ತಲೇ ಇದ್ದನು.