ಬೇಟೆಯೋ, ದಾನವೋ?

ಅಮೆರಿಕದ ಸೂಕ್ಷ್ಮಾಣುವಿಜ್ಞಾನಿ ಪಾಲ್ ಡಿ ಕ್ರೈಫ್ ಅವರ ‘ಮೈಕ್ರೋಬ್ ಹಂಟರ್ಸ್’ 1926ರಲ್ಲಿ ಪ್ರಕಟವಾದ ಪ್ರಸಿದ್ಧ ಕೃತಿ. ಲೇವನ್‌ಹುಕ್‌ರಿಂದ ಎರ್ಲಿಕ್‌ರವರೆಗಿನ ಸಂಶೋಧಕರ ಸಾಹಸವನ್ನು ಅದು ಕಥೆಯಂತೆ ರಸವತ್ತಾಗಿ ನಿರೂಪಿಸುತ್ತದೆ. ಅವರ ಜ್ಞಾನಶ್ರಮ ಗೌರವಾರ್ಹವೇ. ಆದರೆ ಶೀರ್ಷಿಕೆಯಲ್ಲಿಯೇ ಇರುವ ‘ಬೇಟೆಗಾರರು’ ಎಂಬ ಮಾತು ಅಹಿಂಸಾವ್ರತಿಗಳನ್ನು ತಡೆದು ನಿಲ್ಲಿಸುತ್ತದೆ. ಪಾಶ್ಚರರ ಹುದುಗುವಿಕೆಯಂಥ ಪ್ರಸಂಗಗಳನ್ನು ಬಿಟ್ಟರೆ, ಇಲ್ಲಿ ಸೂಕ್ಷ್ಮಜೀವಿಯು ಬಹುಮಟ್ಟಿಗೆ ವಧಾರ್ಹ ಶತ್ರು.

ಮುಂದಿನ ಇತಿಹಾಸ ಈ ದೃಷ್ಟಿಯನ್ನು ತಿದ್ದಿತು. 1943ರಲ್ಲಿ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಅವರು ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಪಡೆದರು. ಕ್ಷಯರೋಗಕ್ಕೆ ಮದ್ದು ದೊರೆಯಿತು. 1970ರ ದಶಕದಲ್ಲಿ ಜಪಾನಿನ ಸತೋಶಿ ಓಮುರ ಅವರು ಇಟೊ ನಗರದ ಕವಾನದ ಮಣ್ಣಿನಿಂದ ಇದೇ ಕುಲದ ಮತ್ತೊಂದು ಜೀವಿಯನ್ನು ಬೇರ್ಪಡಿಸಿದರು. ಅಮೆರಿಕದ ಮರ್ಕ್ ಸಂಸ್ಥೆಯಲ್ಲಿ ವಿಲಿಯಂ ಕ್ಯಾಂಬೆಲ್ ಮತ್ತು ಸಹೋದ್ಯೋಗಿಗಳು ಅದು ಸ್ರವಿಸುವ ವಸ್ತುವಿಗೆ ಪರೋಪಜೀವಿ ಹುಳುಗಳನ್ನು ನಿಗ್ರಹಿಸುವ ಶಕ್ತಿಯಿರುವುದನ್ನು ಕಂಡರು. ಆ ವಸ್ತುವನ್ನು ತುಸು ಮಾರ್ಪಡಿಸಿದ ಐವರ್‌ಮೆಕ್ಟಿನ್ ಔಷಧವನ್ನು, ಕಣ್ಣು ಕಳೆಯುವ ‘ನದೀ ಅಂಧತ್ವ’ ರೋಗದ ನಿವಾರಣೆಗೆ ಉಚಿತವಾಗಿ ಕೊಡುವುದಾಗಿ 1987ರಲ್ಲಿ ಆ ಸಂಸ್ಥೆ ಘೋಷಿಸಿತು. 2015ರಲ್ಲಿ ಇಬ್ಬರಿಗೂ ನೊಬೆಲ್ ಗೌರವ ಸಂದಿತು.

ಹಾಗಾದರೆ ‘ಬೇಟೆ’ಯನ್ನು ಅಳಿಸಿ ‘ಸೂಕ್ಷ್ಮಜೀವಿಗಳ ದಾನ’ ಎಂದು ಬರೆಯೋಣವೆ? ಅದೂ ಸತ್ಯವಲ್ಲ. ದಾನಕ್ಕೆ ದಾತೃವಿನ ಭಾವ ಬೇಕು. ಕವಾನದ ಆ ಜೀವಿಯ ಪೂರ್ಣ ವಂಶವಾಹಿ ನಕ್ಷೆ 2003ರಲ್ಲಿ ಪ್ರಕಟವಾದಾಗ, ಇಂಥ ವಸ್ತುಗಳನ್ನು ರಚಿಸಬಲ್ಲ ಸುಮಾರು 30 ವಂಶವಾಹಿ ಗುಚ್ಛಗಳು ಗೋಚರಿಸಿದವು. 2010ರ ವೇಳೆಗೆ ಓಮುರ ಅವರ ಬಳಗವು ಅದರ ಬದುಕಿಗೆ ಅನಿವಾರ್ಯವಲ್ಲದ ಭಾಗಗಳನ್ನು ಕತ್ತರಿಸಿ, ಅನ್ಯಜೀವಿಗಳ ಗುಚ್ಛಗಳನ್ನು ಸೇರಿಸಿ, ಅದನ್ನೊಂದು ತಯಾರಿಕಾಶಾಲೆಯನ್ನಾಗಿಸಿತು. ಇದು ಕೊಟ್ಟದ್ದಲ್ಲ, ನಾವು ತೆಗೆದುಕೊಂಡದ್ದು. ಅದತ್ತಾದಾನದ ಅರ್ಥವನ್ನು ಬಲ್ಲ ಶ್ರಾವಕನು ಈ ಭೇದವನ್ನು ಮರೆಯಬಾರದು.

ಇದರಿಂದ ಔಷಧವೇ ನಿಷಿದ್ಧವೆಂಬ ತೀರ್ಮಾನ ಹೊರಡದು. ರೋಗಿಯ ಪ್ರಾಣರಕ್ಷಣೆ ಕರುಣೆಯ ಕಾರ್ಯ. ದೋಷವಿರುವುದು ಪ್ರಮಾದದಲ್ಲಿ. ವೈರಸ್ಸಿನಿಂದ ಬಂದ ನೆಗಡಿಗೆ ಆಂಟಿಬಯಾಟಿಕ್ ನುಂಗುವುದು ನಿಷ್ಪ್ರಯೋಜಕ. ಅದು ನಿಷ್ಕಾರಣ ಜೀವಹಾನಿ ಮಾತ್ರವಲ್ಲ, ಮದ್ದಿಗೆ ಬಗ್ಗದ ರೋಗಾಣುಗಳು ಹೆಚ್ಚಲು ದಾರಿ. ಅದರ ಫಲವನ್ನು ಉಣ್ಣುವವನು ನಾಳೆಯ ರೋಗಿ. ಬಸದಿಯ ಟ್ರಸ್ಟುಗಳು ನಡೆಸುವ ಶಿಬಿರಗಳಲ್ಲಿ ವೈದ್ಯರ ಪರೀಕ್ಷೆಯಿಲ್ಲದೆ ಇಂಥ ಗುಳಿಗೆ ಹಂಚಿದರೆ ಅದು ಔಷಧದಾನವಾಗದು.

ಬೇಟೆಯ ಗರ್ವವೂ ಬೇಡ, ದಾನವೆಂಬ ಸುಳ್ಳು ಸಮಾಧಾನವೂ ಬೇಡ. ‘ಋಣ’ ಎಂದರೆ ಸಾಕು. ಋಣವೆಂದು ಅರಿತವನು ಮಿತವಾಗಿ ಬಳಸುತ್ತಾನೆ.